ಒಡೆದ ಮಣಿ ತರಲು ಹೇಳಿದವರು

ಅವರಷ್ಟು ಅಂಜುವ ಮನುಷ್ಯನನ್ನು ನಾನು ಕಂಡಿಲ್ಲ, ನನ್ನನ್ನು ಬಿಟ್ಟರೆ. ಹೋದ ವಾರ ಹಿಟ್ನಾಳದ ಕಡೆಯಿಂದ ಬಂದಿದ್ದ ನನ್ನ ಹಳೆಯ ಶಿಷ್ಯನೊಬ್ಬ ಅವರು ತೀರಿಕೊಂಡ ಸುದ್ದಿ ಹೇಳಿದ. ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಅಡ್ಡಾದವರು ಏಳಲೇ ಇಲ್ಲವಂತೆ. ಸಾವು ಯಾವ ಬಾಗಿಲಿನಿಂದ ಬಂದೀತೋ ಎಂದು ಜೀವಮಾನವಿಡೀ ಕಾದು ಕೂತಿದ್ದವರಿಗೆ ಅದು ಬಂದದ್ದೇ ಗೊತ್ತಾಗಲಿಲ್ಲ. ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಒಮ್ಮೆ ಕಾಗದದ ಮೇಲೆ ಬಂತೆಂದರೆ ಕಚೇರಿಯವರು ಅದನ್ನು ಹಿಡಿದುಕೊಂಡು ಮನೆಗೇ ಬರುತ್ತಾರೆ ಎಂದು ಅವರು ನಂಬಿದ್ದರು. ನಾನು ನಿಜಾಮರ ಸರ್ಕಾರದ ಶಾಲೆಗೆ ಮಾಸ್ತರನಾಗಿ ಅವರ ಊರಿಗೆ ಹೋದವನು. ಉರ್ದು ಬರುತ್ತಿತ್ತು ಎಂಬುದೊಂದೇ ನನ್ನ ಯೋಗ್ಯತೆ. ಜನರ ತಲೆ ಎಣಿಸಿ ಬರೆದುಕೊಂಡು ಬರುವ ಕೆಲಸಕ್ಕೂ ನಮ್ಮನ್ನೇ ಅಟ್ಟುತ್ತಿದ್ದರು. ಆ ಕಾಗದ ಹಿಡಿದು ಅವರ ಬಾಗಿಲಿಗೆ ಹೋದಾಗ ಎರಡೂ ಕೈ ಜೋಡಿಸಿ, "ಮನ್ಯಾಗ ಎಷ್ಟು ಮಂದಿ ಅಂತ ಬರಕೋರಿ ಮಾಸ್ತರ. ನನ್ನ ಹೆಸರು ಯಾಕ ಬೇಕ್ರಿ, ನಾ ಏನ್ ಮಾಡೀನಿ?" ಎಂದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಇಲ್ಲೂ ಹಾಗೇ ಇರಲಿ.

ಕಾಕಾನ ಕಸುಬು ಗಾಜಿನ ಮಣಿ ಮಾಡುವುದು. ಒಡೆದ ಬಳೆ, ಬಾಟಲಿ ಚೂರು ಭಟ್ಟಿಯಲ್ಲಿ ಕರಗಿಸಿ, ಮಣ್ಣು ಮೆತ್ತಿದ ಕಬ್ಬಿಣದ ಕಡ್ಡಿಗೆ ಸುತ್ತಿ ಕರಿಮಣಿ ಮಾಡುತ್ತಿದ್ದರು, ಮುತ್ತೈದೆಯರು ತಾಳಿಯ ಜೊತೆ ಕೊರಳಿಗೆ ಹಾಕುವ ಕರಿಮಣಿ. ಕೆಂಪಗೆ ಕಾದ ಮಣಿಯನ್ನು ಗಾಳಿಗೆ ಬಿಟ್ಟರೆ ಕೆಟ್ಟಿತು. ಬಿಸಿ ಬೂದಿ ತುಂಬಿದ ಗಡಿಗೆಯಲ್ಲಿ ಹೂತು, ಒಂದು ಹಗಲು ಒಂದು ರಾತ್ರಿ ತಾನಾಗಿ ಆರಲು ಬಿಡಬೇಕು. ಅವಸರ ಮಾಡಿ ತೆಗೆದರೆ ಆಗಲೇ ಏನೂ ಕಾಣುವುದಿಲ್ಲ. ಮಣಿ ಮಿಂಚುತ್ತದೆ, ಮಾರಾಟವೂ ಆಗುತ್ತದೆ. ತಿಂಗಳೋ ಎರಡು ತಿಂಗಳೋ ಆದ ಮೇಲೆ, ಯಾರೂ ಮುಟ್ಟದಿದ್ದರೂ, ಕೊರಳಲ್ಲಿದ್ದಂತೆಯೇ ಸೀಳುತ್ತದೆ.

ಮುತ್ತೈದೆಯ ಕೊರಳಲ್ಲಿ ಕರಿಮಣಿ ಒಡೆಯುವುದೆಂದರೆ ಗಂಡನ ಜೀವಕ್ಕೆ ಕುತ್ತು. ಒಡೆಯಿತು ಎಂಬ ಮಾತನ್ನೂ ಬಾಯಲ್ಲಿ ಆಡುವುದಿಲ್ಲ, "ಹೆಚ್ಚಾತು" ಎನ್ನುತ್ತಾರೆ. ಕಾಕಾ ಮೂರು ಹೊತ್ತೂ ಆ ಅಂಜಿಕೆಯಲ್ಲೇ ಇದ್ದವರು. ಬೂದಿ ಗಡಿಗೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಜ್ವರ ಬಂದ ಕೂಸಿನ ಮೈ ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದರು. ಉಳಿದವರು ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಇವರು ಎರಡು ಹಗಲು ಎರಡು ರಾತ್ರಿ. ತೆಗೆದ ಮೇಲೆ ಒಂದೊಂದೇ ಮಣಿಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಬಡಿದು ಅದರ ದನಿ ಕೇಳುತ್ತಿದ್ದರು. "ಯಾರ ಕೊರಳಿಗೆ ಯವ್ವಾ?" ಎಂದು ಕೇಳದೆ ಒಂದು ಎಳೆಯನ್ನೂ ಕೊಟ್ಟವರಲ್ಲ. ಕೊಟ್ಟದ್ದೆಲ್ಲ ನೆನಪಿನಲ್ಲಿರುತ್ತಿತ್ತು.

ಬೇರೆಯವಕ್ಕೂ ಅಂಜುತ್ತಿದ್ದರು. ಹೊತ್ತು ಮುಳುಗಿದ ಮೇಲೆ ತಮ್ಮ ಮನೆಗೇ ಹೋಗುವಾಗಲೂ ಹೊಸ್ತಿಲ ಮೇಲೆ ಕೋಲು ಬಡಿದು ಹಾವಿಗೆ ಸೂಚನೆ ಕೊಟ್ಟು ಒಳಗೆ ಹೋಗುತ್ತಿದ್ದರು. ಟಪಾಲಿನವನು ಬೀದಿಯಲ್ಲಿ ಕಂಡರೆ ಅವನು ದಾಟುವವರೆಗೂ ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಒಮ್ಮೆ ಹನುಮನಹಳ್ಳಿಯಿಂದ ಹೊಳೆ ದಾಟಿ ಯಾರಿಗೋ ಮಣಿ ಮುಟ್ಟಿಸಬೇಕಾಗಿತ್ತು. ನಾನೂ ಜೊತೆಗಿದ್ದೆ. ಹರಿಗೋಲು ಹತ್ತುವ ಮುಂಚೆ ಚೀಲದಿಂದ ಎರಡು ಒಣ ಸೋರೆಬುರುಡೆ ತೆಗೆದು ಸೊಂಟಕ್ಕೆ ಬಿಗಿದುಕೊಂಡರು. ಬೇಸಿಗೆಯ ದಿನ, ಹೊಳೆಯಲ್ಲಿ ಎದೆಮಟ್ಟ ನೀರೂ ಇರಲಿಲ್ಲ.

"ಕಾಕಾ, ಇಲ್ಲಿ ಮುಣಗಬೇಕಂದ್ರ ಮಕ್ಕೋಬೇಕಾಕ್ಕತಿ," ಎಂದು ಹರಿಗೋಲಿನವನು ನಕ್ಕ.

"ಅಂಜಿದ್ರ ನನ್ನ ಕಾಲು ನಿಲ್ಲಂಗಿಲ್ಲಪಾ. ಮಕ್ಕೊಂಡ ಬಿಡ್ತೀನಿ," ಎಂದರು ಕಾಕಾ, ಅಷ್ಟೇ ಗಂಭೀರವಾಗಿ.

ದಡ ಸೇರಿದ ಮೇಲೆ ನನ್ನ ಮುಖದಲ್ಲಿ ನಗು ಕಂಡು ಹೇಳಿದರು: "ಅಂಜಿಕಿ ಎಣ್ಣಿ ಇದ್ದಂಗ ಮಾಸ್ತರ. ದೀಪ ಹತ್ತೂದೂ ಅದರಿಂದನ, ಮನಿ ಸುಡೂದೂ ಅದರಿಂದನ." ನನಗೆ ಆಗ ಅದು ಚೆಂದದ ಮಾತಾಗಿ ಕೇಳಿಸಿತು, ಅಷ್ಟೇ.

ವರ್ಷಕ್ಕೊಮ್ಮೆ, ದೀಪಾವಳಿ ಮುಗಿದ ಮೇಲೆ, ಮಣಿ ಮಾಡುವ ಮನೆತನಗಳೆಲ್ಲ ಒಂದು ಕಡೆ ಸೇರುತ್ತಿದ್ದವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲೆಲ್ಲ ಹುಡುಕಿದರೂ ಆಗ ಇಪ್ಪತ್ತು ಮನೆ ಸಿಗುತ್ತಿರಲಿಲ್ಲ. ಹೀಗೆ ಒಂದು ಕಸುಬಿನವರೋ ಒಂದು ಕುಲದವರೋ ಸೇರುವುದಕ್ಕೆ ನಮ್ಮ ಕಡೆ ದೈವ ಕೂಡುವುದು ಎನ್ನುತ್ತಾರೆ. ಹಿಟ್ನಾಳದ ಹತ್ತಿರದ ಹುಣಸೆ ತೋಪಿನಲ್ಲಿ ಕೂಡುತ್ತಿದ್ದರು. ಒಂದು ಬಿಳಿ ಧೋತರ ಹಾಸುವುದು, ಪ್ರತಿ ಮನೆಯವರೂ ಆ ವರ್ಷ ಮಾಡಿದ್ದರಲ್ಲಿ ಅತ್ಯುತ್ತಮ ಸರವನ್ನು ಅದರ ಮೇಲೆ ಇಡುವುದು, ಉಳಿದವರು "ಭಾಳ ಛಲೋ ಬಂದಾವ" ಎನ್ನುವುದು. ಹೇಗೆ ಮಾಡಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಗಂಗಾವತಿಯ ಯಜಮಾನರು, ದೈವದ ಹಿರಿಯರು ಅವರು, ತಮ್ಮ ಅಜ್ಜ ಯಾವುದೋ ರಾಣಿಗೆ ಮಣಿ ಕೊಟ್ಟ ಕಥೆಯನ್ನು ವರ್ಷವರ್ಷವೂ ಹೇಳುತ್ತಿದ್ದರು. ಆಮೇಲೆ ಗೋದಿ ಹುಗ್ಗಿ. ಹುಗ್ಗಿಗೆ ತುಪ್ಪ ಯಾರಿಗೆ ಮೊದಲು ಬಡಿಸಿದರು ಎಂಬುದರ ಮೇಲೆ ಜಗಳ. ಜಗಳ ಮುಗಿದರೆ ದೈವ ಮುಗಿಯಿತು.

"ಛಲೋ ಮಣಿ ನೋಡಿ ಯಾರು ಏನು ಕಲ್ತಾರ್ರಿ?" ಎಂದು ಕಾಕಾ ಒಮ್ಮೆ ನನ್ನ ಹತ್ತಿರ ಅಂದಿದ್ದರು, ಗೋಡೆಯ ಹಿಂದೆ ಯಾರೂ ಇಲ್ಲವೆಂದು ಎದ್ದು ಹೋಗಿ ನೋಡಿ ಬಂದು. "ಛಲೋ ಆದದ್ದು ಯಾಕ ಛಲೋ ಆತು ಅಂತ ಮಾಡಿದಾಂವಗೂ ಗೊತ್ತಿರಂಗಿಲ್ಲ."

ಆಗ ಯುದ್ಧ ನಡೆದಿತ್ತು. ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಅಗ್ಗದ ಮಣಿ ನಿಂತುಹೋಗಿ, ಯಾರೂ ಕೇಳದಿದ್ದ ನಮ್ಮ ಭಟ್ಟಿಗಳ ಬಾಗಿಲಿಗೆ ವರ್ತಕರು ಬಂದು ಕೂರತೊಡಗಿದ್ದರು. ಎಲ್ಲರ ಕೈಯಲ್ಲೂ ಅವಸರ. ಆ ವರ್ಷ ನಾಗರ ಪಂಚಮಿಗೆ ನನ್ನ ಹೆಂಡತಿ ಹಳೆಯ ದಾರ ಸವೆಯಿತೆಂದು ಕಾಕಾನ ಹತ್ತಿರ ಹೊಸ ಕರಿಮಣಿ ತೆಗೆದುಕೊಂಡು ಪೋಣಿಸಿಕೊಂಡಳು.

ಮಹಾನವಮಿಯ ಹೊತ್ತಿಗೆ ನನಗೆ ಚಳಿಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ ಹಲ್ಲು ಕಟಕಟ ಕಡಿಯುತ್ತಿದ್ದೆ. ಹೆಂಡತಿ ಬಗ್ಗಿ ಹಣೆಗೆ ತಣ್ಣೀರು ಪಟ್ಟಿ ಹಾಕುವಾಗ ಅವಳ ಕೊರಳ ಬೆವರಿಗೆ ಅಂಟಿಕೊಂಡಿದ್ದ ಕರಿಯ ಚೂರೊಂದು ನನ್ನ ಎದೆಯ ಮೇಲೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಅದನ್ನು ಉಗುರಿನಿಂದ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿದಳು. ನಾನು ನೋಡಿಲ್ಲ ಎಂದು ಅವಳು ತಿಳಿದಳು. ಆ ಗಂಟಿನಲ್ಲಿ ಆಗಲೇ ನಾಲ್ಕೈದು ಚೂರು ಇದ್ದವೆಂದು ನನಗೆ ಆಮೇಲೆ ಗೊತ್ತಾಯಿತು.

ಶಾಲೆಯಲ್ಲಿ ಹುಡುಗರಿಗೆ ಶಕುನ ಅಪಶಕುನ ಎಲ್ಲ ಸುಳ್ಳು ಎಂದು ಪಾಠ ಹೇಳುವವನು ನಾನು. ಆ ಚೂರು ಬಿದ್ದ ಕ್ಷಣದಿಂದ ನಾನು ಸಾಯುತ್ತೇನೆ ಎಂದು ಖಚಿತವಾಯಿತು. ಬೆಳಗಾದರೆ ಕೈ ಕಾಲು ಆಡಿಸಿ ನೋಡಿಕೊಳ್ಳುತ್ತಿದ್ದೆ. ಅವಳು ಒಲೆಯ ಮುಂದೆ ಕೂತು, ರೊಟ್ಟಿ ಸೀದರೂ ತಿಳಿಯದೆ, ನನ್ನ ಉಸಿರನ್ನು ಕೇಳುತ್ತಿದ್ದಳು. ಇಬ್ಬರೂ ಒಂದೇ ಮಾತಿಗೆ ಅಂಜಿ, ಆ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಡಿದೆವು.

ಜ್ವರ ಸ್ವಲ್ಪ ಇಳಿದ ಒಂದು ಬೆಳಿಗ್ಗೆ ನೆಲದ ಮೇಲೆ ಸಿಕ್ಕ ಅರ್ಧ ಮಣಿಯನ್ನು ಕಾಗದದಲ್ಲಿ ಸುತ್ತಿಕೊಂಡು ಕಾಕಾನ ಭಟ್ಟಿಗೆ ಹೋದೆ. ಕಾಗದ ಬಿಚ್ಚಿ ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ. "ಪಂಚಮಿಗಂತ ಮಾಡಿದ ಗಡಿಗಿ," ಎಂದರು.

ಆಮೇಲೆ ಎಲ್ಲ ಹೇಳಿದರು. ಆಷಾಢದಲ್ಲಿ ದೊಡ್ಡ ಸಾಹೇಬರೊಬ್ಬರ ದೌರೆ, ಎಂದರೆ ಸರ್ಕಾರಿ ತಿರುಗಾಟ, ನಮ್ಮ ಊರ ಮೇಲೆ ಹಾದುಹೋಗಿತ್ತು. ದೌರೆಯ ಸಿಪಾಯಿಗಳು ಸಿಕ್ಕವರನ್ನು ಹಿಡಿದು ಸಾಮಾನು ಹೊರುವ ಬಿಟ್ಟಿ ಬೇಗಾರಿಗೆ ಹಚ್ಚುತ್ತಿದ್ದರು. ಕಾಕಾನ ತಮ್ಮನನ್ನು ಹಿಂದೊಮ್ಮೆ ಹೀಗೇ ಹಿಡಿದೊಯ್ದಿದ್ದರು. ಮೂರು ದಿನ ಪೆಟ್ಟಿಗೆ ಹೊತ್ತು ಬಂದವನ ಕಾಲು ಮತ್ತೆ ನೆಟ್ಟಗಾಗಲಿಲ್ಲ.

"ಕುದರಿ ಸಪ್ಪಳ ಕೇಳಿಸ್ತ್ರಿ. ಹೊಗಿ ಕಂಡ್ರ ಮನ್ಯಾಗ ಗಂಡಸು ಅದಾನ ಅಂತ ಬರ್ತಾರ. ಭಟ್ಟಿಗೆ ಮಣ್ಣು ಹಾಕಿ ಮುಚ್ಚಿದೆ. ಗಡಿಗಿ ಇನ್ನಾ ಬಿಸಿ ಇತ್ತು. ಅದನ್ನ ಮುಟ್ಟಿ ನೋಡಿದ್ರೂ ಗೊತ್ತಾಗ್ತದಂತ ಬರಿಗೈಲೆ ಬೂದಿ ಬಗದು, ಮಣಿ ಧೋತರದಾಗ ಕಟ್ಟಿಕೊಂಡು ಹೋಗಿ ಹಗೇವಿನ್ಯಾಗ ಇಳದು ಕುಂತೆ." ಹಗೇವೆಂದರೆ ಜೋಳ ತುಂಬುವ ನೆಲದೊಳಗಿನ ಕಣಜ. ಸಂಜೆಯವರೆಗೂ ಆ ಕತ್ತಲ ಗುಂಡಿಯಲ್ಲಿ ಕೂತಿದ್ದರಂತೆ. "ಮಣಿ ಅರ್ಧಾ ದಿನ ಸೈತ ಬೂದ್ಯಾಗ ಇರಲಿಲ್ರಿ."

"ಗೊತ್ತಿದ್ದೂ ನನ್ನ ಹೇಣ್ತಿ ಕೊರಳಿಗೆ ಕೊಟ್ಟಿರ್ಯಾ?" ನನ್ನ ದನಿ ನನಗೇ ಗುರುತಾಗಲಿಲ್ಲ.

"ಗೊತ್ತಿರಲಿಲ್ರಿ. ಬಡದು ನೋಡಿದೆ, ದನಿ ಛಲೋ ಬಂತು. ಅಂಜಿಕಿ ಅಂತೂ ಇತ್ತು. ಆದ್ರ ನನಗ ಎಲ್ಲಾದಕ್ಕೂ ಅಂಜಿಕಿ ಇರ್ತದ ಮಾಸ್ತರ. ಅದರಾಗ ಖರೇ ಅಂಜಿಕಿ ಯಾವ್ದು ಅಂತ ನಾ ಹೆಂಗ ತಿಳೀಬೇಕು?"

ಅವರು ಬೆರಳು ಮಡಿಚಿ ಎಣಿಸಿದರು. ಆ ಗಡಿಗೆಯ ಮಣಿ ಹನ್ನೊಂದು ಕೊರಳಿಗೆ ಹೋಗಿದ್ದವು. ಯಾರ ಮಗಳು, ಯಾವ ಓಣಿ, ಗಂಡ ಏನು ಮಾಡುತ್ತಾನೆ, ಎಲ್ಲ ನೆನಪಿತ್ತು. ಈಗಲೇ ಹೊಸ ಮಣಿ ಮಾಡಿ ಬದಲಿಸಿಕೊಡಿ ಎಂದೆ. ಅವರು ತಲೆ ಅಲ್ಲಾಡಿಸಿದರು.

"ದೌರೆ ನಮ್ಮೂರಿಗೆ ಅಷ್ಟ ಬಂದಿತ್ತೇನ್ರಿ? ಗಂಗಾವತಿಯಿಂದ ಬಂತು, ಯಲಬುರ್ಗಾ, ಕುಷ್ಟಗಿ ದಾರಿಗುಂಟ ಹೋತು. ದಾರ್ಯಾಗಿನ ಭಟ್ಟಿಯವ್ರೆಲ್ಲಾ ನನ್ನಂಗ ಮಾಡ್ಯಾರ, ಬೇಕಾದ್ರ ಆಣಿ ಮಾಡಿ ಹೇಳ್ತೀನಿ. ನಾ ಈಗ ಹೋಗಿ ಮಣಿ ಬದಲಿ ಮಾಡಿದ್ರ, 'ಅವನ ಮಣಿ ಕೆಟ್ಟಾವ' ಅಂತಾರ, ತಮ್ಮ ಗಡಿಗಿ ನೆನಸಂಗಿಲ್ಲ. ನನ್ನ ಹನ್ನೊಂದು ಕೊರಳು ನನಗ ಗೊತ್ತದಾವ. ಅವರ ಕೊರಳು ಎಷ್ಟೋ, ಯಾರಿಗೆ ಗೊತ್ತು? ದೈವದಾಗ ಕೇಳಬೇಕು. ಈ ವರ್ಷ ಎಲ್ಲಾರೂ 'ಛಲೋ ಮಣಿ ತರಬ್ಯಾಡ್ರಿ, ಒಡದದ್ದು ತರ್ರಿ, ಯಾಕ ಒಡೀತು ಹೇಳ್ರಿ' ಅನ್ನಬೇಕು."

ಅವರ ಬಾಯಿಂದ ಒಡೆಯಿತು ಎಂಬ ಮಾತು ಕೇಳಿದ್ದು ನಾನು ಅದೇ ಮೊದಲು. ಹೇಳಿದವರೇ ಬೆಚ್ಚಿ ಭಟ್ಟಿಯ ಕಡೆ ನೋಡಿದರು.

ದೈವ ಕೂಡಲು ಇನ್ನೂ ಮೂರು ವಾರ ಇತ್ತು. ಅಷ್ಟು ದಿನ ಸುಮ್ಮನಿರುವುದಾಗಿ ಒಪ್ಪಿಕೊಂಡು ಮನೆಗೆ ಬಂದೆ. ಆ ಮೂರು ವಾರ ನಾನು ಹೆಂಡತಿಯ ಮುಖಕ್ಕಿಂತ ಹೆಚ್ಚಾಗಿ ಅವಳ ಕೊರಳನ್ನೇ ನೋಡಿದ್ದೇನೆ.

ದೈವದ ಪದ್ಧತಿ ಬದಲಿಸಲು ಗಂಗಾವತಿಯ ಯಜಮಾನರ ಒಪ್ಪಿಗೆ ಬೇಕು. ಇಬ್ಬರೂ ಹೋದೆವು. ಕಾಕಾನಿಂದ ಮಾತೇ ಹೊರಡಲಿಲ್ಲ, ನಾನೇ ಹೇಳಿದೆ. ಯಜಮಾನರು ಗಾದಿಯ ಮೇಲೆ ಸರಿದು ಕೂತು, "ದೈವ ಅಂದ್ರ ಹಬ್ಬ ಮಾಸ್ತರ. ಅಲ್ಲಿ ಒಡಕು ಹಾಸಿಕೊಂಡು ಕೂಡಾಕ ಅದೇನು ಸತ್ತ ಮನ್ಯಾ? ವರ್ತಕರಿಗೆ ಗೊತ್ತಾದ್ರ ನಾಳೆ ನಮ್ಮ ಬಾಗಲಿಗೆ ಯಾರು ಬರ್ತಾರ? ನಮ್ಮ ಭಟ್ಟ್ಯಾಗ ಇಂಥಾದ್ದು ಆಗಿಲ್ಲ," ಎಂದರು.

ಆಗ ಒಳಮನೆಯ ಬಾಗಿಲಲ್ಲಿ ಬಳೆ ಸಪ್ಪಳವಾಯಿತು. ಯಜಮಾನರ ಹೆಂಡತಿ, ತಲೆ ತುಂಬ ಸೆರಗು ಹೊದ್ದ ಹಿರಿಯ ಹೆಂಗಸು, ಕುಂಕುಮದ ಡಬ್ಬಿಯೊಂದನ್ನು ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋದರು. ಕಾಕಾ ಮುಚ್ಚಳ ತೆಗೆದರು. ಡಬ್ಬಿಯ ಅರ್ಧದಷ್ಟು ಕರಿಮಣಿಯ ಚೂರು. ಯಜಮಾನರು ಅದನ್ನು ನೋಡಿದರು, ಬಾಗಿಲನ್ನು ನೋಡಿದರು. ಎಷ್ಟೋ ದಿನದಿಂದ ಆ ಮನೆಯಲ್ಲೂ ನಮ್ಮ ಮನೆಯದೇ ಮೌನ ಇತ್ತೆಂದು ಕಾಣುತ್ತದೆ. "ಆತು, ತರಲಿ," ಎಂದರು ಕೊನೆಗೆ.

ಇನ್ನು ಉಳಿದದ್ದು ಪರವಾನಗಿ. ಆ ದಿನಗಳಲ್ಲಿ ಹತ್ತು ಜನ ಒಂದು ಕಡೆ ಕೂತು ಮಾತಾಡಬೇಕಾದರೂ ಕಚೇರಿಯ ಅಪ್ಪಣೆ ಬೇಕಿತ್ತು. ಹಿಂದಿನ ವರ್ಷಗಳಲ್ಲಿ ನಾನು ಬರೆದ ಅರ್ಜಿಯ ಮೇಲೆ ಕಣ್ಣು ಮುಚ್ಚಿ ಶಿಕ್ಕೆ ಒತ್ತುತ್ತಿದ್ದರು. ಒಳ್ಳೆಯ ಮಣಿ ತಂದು ತೋರಿಸುತ್ತಾರೆ ಎಂದರೆ ಯಾರಿಗೂ ಅನುಮಾನವಿಲ್ಲ. ಈ ಸಲ ಒಡೆದ ಮಣಿ ತಂದು ಕಾರಣ ಹೇಳುತ್ತಾರೆ ಎಂದು ಬರೆದದ್ದೇ ತಪ್ಪಾಯಿತು. ಹೊಸದಾಗಿ ಬಂದಿದ್ದ ಪೊಲೀಸ್ ಅಮೀನರು ಅರ್ಜಿಯನ್ನು ಎರಡು ಸಲ ಓದಿದರು. ಒಡೆದ ಮಣಿ ನೋಡಲು ನಾಲ್ಕು ಊರಿನವರು ಯಾಕೆ ನಡೆದು ಬರಬೇಕು, ಇದರ ಹಿಂದೆ ಏನಿದೆ ಎಂದು ಉರ್ದುವಿನಲ್ಲಿ ಕೇಳಿದರು. ನನ್ನ ಅಂಗಿ ಬೆನ್ನಿಗೆ ಅಂಟಿತು. ಕಾಕಾ ನನ್ನ ಹಿಂದೆ ನಿಂತು ಕಂಬದ ಹಾಗೆ ಬಿಗಿದಿದ್ದರು. ಅವರಿಗೆ ಉರ್ದು ಒಂದಕ್ಷರ ತಿಳಿಯದು.

ಕೊನೆಗೆ ಮೂರು ಷರತ್ತಿನ ಮೇಲೆ ಅಪ್ಪಣೆ ಸಿಕ್ಕಿತು. ಅಮೀನರು ತಾವೇ ಬಂದು ಕೂರುತ್ತಾರೆ. ಆಡಿದ್ದನ್ನೆಲ್ಲ ನಾನು ವಹಿಯಲ್ಲಿ ಬರೆದು, ಉರ್ದುವಿನಲ್ಲಿ ಅವರಿಗೆ ತಿಳಿಸಿ, ಸಹಿ ಹಾಕಿಸಿಕೊಳ್ಳಬೇಕು. ಸರ್ಕಾರದ ಬಗ್ಗೆ ಒಂದು ಮಾತೂ ಬರಕೂಡದು, ಬಂದರೆ ಜವಾಬ್ದಾರಿ ಸರ್ಕಾರಿ ನೌಕರನಾದ ನನ್ನದು. ಹೊರಗೆ ಬಂದು ಕಾಕಾನಿಗೆ ಹೇಳಿದೆ. ವಹಿಯಲ್ಲಿ ಬರೆಯುತ್ತಾರೆ ಎಂದು ಕೇಳಿ ಅವರು ಅಂಜುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

"ಬರೀರಿ. ಬರದದ್ದು ಉಳೀತದ. ನಮ್ಮ ಮೊಮ್ಮಕ್ಕಳು ಓದಲಿ, 'ಹಿಂಗ ಮಾಡಬಾರದು' ಅಂತ ತಿಳೀಲಿ." ಸರ್ಕಾರದ ಷರತ್ತು ಅವರ ತಲೆಗೆ ಹೋಗಲೇ ಇಲ್ಲ. ಮಣಿಯ ಮಾತಿನಲ್ಲಿ ಸರ್ಕಾರ ಯಾಕೆ ಬರುತ್ತದೆ?

ದೈವ ಕೂಡಿದ ದಿನ ಬಿಳಿ ಧೋತರ ಹಾಸಿದರು. ಅಮೀನರು ಮಂಚದ ಮೇಲೆ, ಪಕ್ಕದಲ್ಲಿ ವಹಿ ಹಿಡಿದು ನಾನು. ಎಲ್ಲರಿಗೂ ಮೊದಲೇ ಹೇಳಿಕಳಿಸಿದ್ದರೂ ಬಂದವರು ಬಂದವರು ತಮ್ಮ ಒಳ್ಳೆಯ ಸರಗಳನ್ನೇ ಇಟ್ಟು ಹಿಂದೆ ಸರಿದರು. ಯಜಮಾನರ ಶಾಲಿನೊಳಗೆ ಡಬ್ಬಿ ಇದ್ದದ್ದು ನನಗೆ ಗೊತ್ತಿತ್ತು. ಅವರು ಅದನ್ನು ತೆಗೆಯಲಿಲ್ಲ. ಇದೇನು, ಒಡೆದದ್ದು ಎಲ್ಲಿ ಎಂಬಂತೆ ಅಮೀನರು ನನ್ನ ಕಡೆ ತಿರುಗಿದರು. ಯಾರಾದರೂ ಮಾತಾಡಲಿ ಎಂದೂ, ಯಾರೂ ಮಾತಾಡದಿರಲಿ ಎಂದೂ ಒಟ್ಟಿಗೇ ಬೇಡಿಕೊಂಡೆ.

ಕಾಕಾ ಎದ್ದರು. ಕಾಲು ನಿಲ್ಲದೆ ಹುಣಸೆ ಬೊಡ್ಡೆಗೆ ಆತುಕೊಂಡರು. ಸೊಂಟದ ಗಂಟು ಬಿಚ್ಚಿ, ಪಂಚಮಿಯ ಗಡಿಗೆಯಲ್ಲಿ ಮಾರದೆ ಉಳಿದು ಒಡೆದಿದ್ದ ಮಣಿಗಳನ್ನು ಧೋತರದ ನಡುವೆ ಸುರಿದರು.

"ಇವು ನನ್ನವು. ಒಡದಾವ. ಹೆಚ್ಚಾಗಿಲ್ಲ, ಒಡದಾವ. ಹನ್ನೊಂದು ಮಂದಿ ಹೆಣ್ಮಕ್ಕಳ ಕೊರಳಿಗೆ ಕಟ್ಟೀನಿ. ಆಷಾಢದಾಗ ಸಾಹೇಬರ ದೌರೆ ಬಂತು. ಸಿಪಾಯ್ರು ಬೇಗಾರಿಗೆ ಹಿಡೀತಾರಂತ ಅಂಜಿ, ಭಟ್ಟಿ ಮುಚ್ಚಿ, ಬೂದಿ ಆರೂಕಿಂತ ಮೊದಲ ಬಗದು ತಗದೆ. ಹಗೇವಿನ್ಯಾಗ ಮುಚ್ಚಿಕೊಂಡು ಕುಂತೆ. ಅಂಜಿಕಿಗೆ ಮಣಿ ಕೆಟ್ವು. ಆ ದಿನ ಯಾರ್ಯಾರು ಗಡಿಗಿ ಬಗದೀರಿ, ನಿಮ್ಮ ಕಾಲು ಮುಗೀತೀನಿ, ಹೇಳ್ರಿ. ಆ ಹೆಣ್ಮಕ್ಕಳು ಹೇಳಲಾರದ ಹಗಲೂ ರಾತ್ರಿ ಅಂಜಿ ಸಾಯಾಕ ಹತ್ಯಾರ."

ನನಗೆ ಕೇಳಿದ್ದು ಎರಡೇ ಮಾತು, ದೌರೆ ಮತ್ತು ಬೇಗಾರು. ಅವೆರಡೂ ಅಮೀನರಿಗೂ ಕೇಳಿದ್ದವು. ಅವು ಯಾವ ಭಾಷೆಯಲ್ಲೂ ಅವೇ. ಹುಬ್ಬು ಗಂಟಿಕ್ಕಿ, ದೌರೆಯ ಬಗ್ಗೆ ಏನು ಹೇಳಿದ ಎಂದು ಕೇಳಿದರು.

ನೌಕರಿ ಹೋಗುತ್ತದೆ, ಕಾಕಾನಿಗೆ ಬೇಡಿ ಬೀಳುತ್ತದೆ, ದೈವ ಇಂದೇ ಮುಗಿಯುತ್ತದೆ. ಇವನ್ನೆಲ್ಲ ಕ್ರಮವಾಗಿ ಯೋಚಿಸಿದೆ ಎಂದರೆ ಸುಳ್ಳು. ಯೋಚಿಸಿದ್ದು ಮೊದಲನೆಯದನ್ನು ಮಾತ್ರ. ಉರ್ದುವಿನಲ್ಲಿ ಹೇಳಿದೆ: "ಹುಜೂರ್, ದೌರೆ ಬಂದ ದಿನ ಗಾಳಿ ಜೋರಾಗಿತ್ತಂತೆ. ಗಾಳಿಗೆ ಬೆಂಕಿ ಆರಿ ಬೂದಿ ಬೇಗ ತಣ್ಣಗಾಯಿತಂತೆ. ಬೇಗಾರು ಅಂದದ್ದು, ತನ್ನ ಕೆಲಸ ದಂಡವಾಯಿತು ಎನ್ನುವುದಕ್ಕೆ."

ಅಮೀನರು ಬರೆ ಎಂದು ಸನ್ನೆ ಮಾಡಿದರು. ವಹಿಯಲ್ಲಿ ಕನ್ನಡದಲ್ಲಿ ಅದನ್ನೇ ಬರೆದೆ. ಉರ್ದು ಬಲ್ಲ ಗಂಗಾವತಿಯ ಯಜಮಾನರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. ಆಮೇಲೆ ಶಾಲಿನಿಂದ ಡಬ್ಬಿ ತೆಗೆದು ಧೋತರದ ಮೇಲೆ ಬೋರಲು ಹಾಕಿದರು. "ನಮ್ಮಲ್ಲೂ ಅದ ದಿನ," ಎಂದರು. ಕುಷ್ಟಗಿಯವನೊಬ್ಬ ಎದ್ದ: "ನಮ್ಮಲ್ಲೂ ಅದ ದಿನಾರಿ." ಯಲಬುರ್ಗಾದ ಇಬ್ಬರು ಅಳುತ್ತಲೇ ಗಂಟು ಬಿಚ್ಚಿದರು. ಸಂಜೆಯ ಹೊತ್ತಿಗೆ ಯಾವ ಭಟ್ಟಿಯಿಂದ ಯಾವ ಊರಿನ ಯಾರ ಕೊರಳಿಗೆ ಹೋಗಿವೆ ಎಂಬುದೆಲ್ಲ ಹೊರಬಿತ್ತು. ಎರಡು ಹಗಲು ಎರಡು ರಾತ್ರಿ ಆರಿಸಿದ ಹೊಸ ಮಣಿಯನ್ನು ಪ್ರತಿ ಮನೆಗೂ ತಾವೇ ಹೋಗಿ ಕಟ್ಟಿಬರಬೇಕೆಂದು ದೈವ ನಿರ್ಣಯ ಮಾಡಿತು. ಆ ವರ್ಷ ತುಪ್ಪಕ್ಕೆ ಜಗಳವಾಗಲಿಲ್ಲ. ನನ್ನ ವಹಿಯಲ್ಲಿ ಮಾತ್ರ ನಾಲ್ಕು ತಾಲ್ಲೂಕಿನಲ್ಲೂ ಒಂದೇ ದಿನ ಗಾಳಿ ಬೀಸಿತ್ತು. ಅಮೀನರು ಕೆಳಗೆ ಸಹಿ ಹಾಕಿದರು.

ಮುಂದಿನ ವರ್ಷಗಳಲ್ಲೂ ಒಡೆದ ಮಣಿಯ ದೈವ ಕೂಡಿತು. ಬೇರೆ ಬೇರೆ ಕಾರಣಗಳು ಬಂದವು, ಸೀಸೆಯ ಬಣ್ಣ, ಹಸಿ ಕಟ್ಟಿಗೆ, ಒದ್ದೆ ಬೂದಿ. ಅವನ್ನೆಲ್ಲ ಇದ್ದದ್ದು ಇದ್ದಂತೆ ಬರೆದಿದ್ದೇನೆ. ಆಮೇಲೆ ಆ ಸರ್ಕಾರವೂ ಹೋಯಿತು, ಆ ಅಮೀನರೂ ಹೋದರು. ಮೊದಲ ಪುಟ ತಿದ್ದಬಹುದಾಗಿತ್ತು. ಎರಡು ಸಲ ಲೇಖನಿ ಹಿಡಿದೆ. ತಿದ್ದಿದರೆ ತಿದ್ದಿದ್ದು ಯಾಕೆ ಎಂದು ಯಾರಾದರೂ ಕೇಳಿಯಾರು ಎಂದು ಅಂಜಿ ಕೆಳಗಿಟ್ಟೆ.

ದೌರೆಯ ವರ್ಷ ದೈವ ಮುಗಿದ ಮೇಲೆ ಹೊಸ ಮಣಿಯನ್ನು ಕಾಕಾ ಮೊದಲು ತಂದದ್ದು ನಮ್ಮ ಮನೆಗೆ. ಅವತ್ತು ಸೋಮವಾರ, ಬೆಳಗಿನ ಬಿಸಿಲು ಪಡಸಾಲೆಗೆ ಬಂದಿತ್ತು. ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ, ಕೊರಳಲ್ಲಿ ಬರೀ ತಾಳಿ ನಿಲ್ಲುವಂತೆ ಹಳೆಯ ಮಣಿಯನ್ನೆಲ್ಲ ಬಿಡಿಸಿ, ಹೊಸದನ್ನು ಒಂದೊಂದಾಗಿ ಬಡಿದು ಕೇಳಿ ಪೋಣಿಸಿದರು. ಪೋಣಿಸಿ ಮುಗಿಯುವವರೆಗೆ ಅವಳು ಉಸಿರು ಬಿಡಲಿಲ್ಲ. ಬಿಟ್ಟ ಮೇಲೆ ಅತ್ತಳು. ಸೆರಗಿನ ಗಂಟನ್ನು ಬಿಚ್ಚಿ ಅವರ ಅಂಗೈಗೆ ಹಾಕಿ, "ಇವು ಯಾಕ ಹಿಂಗಾದ್ವು ಕಾಕಾ? ನಾ ಏನರ ತಪ್ಪು ಮಾಡಿದ್ನಿ?" ಎಂದು ಕೇಳಿದಳು.

"ನಿಂದೇನು ತಪ್ಪಿಲ್ಲ ಮಗಳ. ನಂದು. ಇನ್ನೊಮ್ಮೆ ಬಾಯಿ ಬಿಟ್ಟು ಹೇಳು ಅನಬ್ಯಾಡ, ಒಮ್ಮೆ ಹೇಳೂದ್ರಾಗ ಜೀವಾ ಹೋಗಿ ಬಂದದ. ಮಾಸ್ತರ ಬರಕೊಂಡಾರ. ಅವರ ಓದಿ ಹೇಳ್ತಾರ."

ವಹಿ ತಂದು ಅವಳ ಪಕ್ಕದಲ್ಲಿ ಕೂತೆ. ಪುಟ ತೆರೆದೆ. ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅಲ್ಲಿಲ್ಲದ್ದನ್ನು ಓದಿದೆ. ಸಾಹೇಬರ ದೌರೆ ಬಂತು ಎಂದು ಓದಿದೆ. ಸಿಪಾಯಿಗಳಿಗೆ ಅಂಜಿ ಭಟ್ಟಿಗೆ ನೀರು ಹಾಕಿದೆ ಎಂದು ಓದಿದೆ.

"ನೀರಲ್ರಿ, ಮಣ್ಣು," ಎಂದರು ಕಾಕಾ ಕಣ್ಣು ಮುಚ್ಚಿಕೊಂಡೇ.

ಬೆರಳನ್ನು ಹಿಂದೆ ಸರಿಸಿ, ಮಣ್ಣು ಎಂದು ಮತ್ತೆ ಓದಿದೆ. ಬೂದಿ ಬಗೆದದ್ದು, ಹಗೇವಿನಲ್ಲಿ ಕೂತದ್ದು, ಅಂಜಿಕೆಗೆ ಮಣಿ ಕೆಟ್ಟದ್ದು, ಒಂದನ್ನೂ ಬಿಡದೆ ಓದಿದೆ. ಕಾಕಾನಿಗೆ ಓದಲು ಬಾರದು, ನನ್ನ ಹೆಂಡತಿಗೆ ಅಕ್ಷರ ಕಲಿಸಿದವನು ನಾನೇ. ಅವಳು ನನ್ನ ಭುಜದ ಮೇಲಿನಿಂದ ಆ ಪುಟವನ್ನು ನೋಡುತ್ತಿದ್ದಳು. ನನ್ನ ಬೆರಳು ಗಾಳಿ ಎಂಬ ಪದದ ಕೆಳಗಿತ್ತು.

ಮುಗಿದ ಮೇಲೆ ಕಾಕಾ ಕಣ್ಣು ತೆರೆದು ಕೈ ಮುಗಿದರು. "ನಾ ಅಂದದ್ದು ಅಂದಂಗ ಬರದೀರಿ ಮಾಸ್ತರ. ನಿಮ್ಮ ಉಪಕಾರ ಮರಿಯಂಗಿಲ್ಲ. ಖರೇ ಹಂಗ ಬರದಾರಲ್ಲ ಮಗಳ?"

"ಹೌದು ಕಾಕಾ, ಹಂಗ ಬರದಾರ," ಎಂದಳು ನನ್ನ ಹೆಂಡತಿ, ಪುಟದ ಮೇಲಿನ ಕಣ್ಣು ತೆಗೆಯದೆ.